ಎರಡು ಟಾರ್ಚ್ ಸೆಲ್, ಒಂದು ಹೀಟರ್ ಕಾಯಿಲ್: ಓಮ್‌ನ ನಿಯಮದಿಂದ ಸಮಾಂತರ ಜೋಡಣೆಯವರೆಗೆ

ತಾಪ ಬದಲಾಗದ ತಂತಿಯಲ್ಲಿ ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ಯಾವಾಗಲೂ ಒಂದೇ ಅಂಕಿ, ಅಂದರೆ ಅದರ ರೋಧ, ಬರುತ್ತದೆ ಎನ್ನುವುದು ಓಮ್‌ನ ನಿಯಮ. ಅದರ ಪ್ರಯೋಗ ಮಾಡಿ, ಬಂದ ಅಂಕಿಗಳು ತಾಳೆಯಾಗದೆ, ಕೊನೆಗೆ ಪಕ್ಕದವರ ರೆಕಾರ್ಡ್ ಪುಸ್ತಕದಿಂದ ಅಂಕಿ ನಕಲು ಮಾಡಿಕೊಳ್ಳುವುದು ಎಷ್ಟೋ ಶಾಲೆಗಳಲ್ಲಿ ನಡೆಯುತ್ತದೆ. ಇದು ಬೇಸರದ ಸಂಗತಿ. ತಾಳೆಯಾಗದ ಅಂಕಿಯಲ್ಲೇ ಪಾಠದ ಅರ್ಧ ಭಾಗ ಇರುತ್ತದೆ. ಎಲ್ಲೋ ಒಂದು ತಿರುಪು ಸಡಿಲವಾಗಿದೆ, ಪ್ಲಗ್ ಕೀಲಿಗೆ ಕಿಲುಬು ಹಿಡಿದಿದೆ, ಸೆಲ್ ದಣಿದಿದೆ ಅಥವಾ ತಂತಿ ಬಿಸಿಯಾಗಿದೆ ಎಂಬುದನ್ನು ಮೀಟರಿನ ಮುಳ್ಳು ಹೇಳುತ್ತಿರುತ್ತದೆ. ಅದನ್ನು ಓದಲು ಕಲಿತರೆ ಮಂಡಲ (ಪ್ರವಾಹ ಸುತ್ತಿ ಬರುವ ದಾರಿ) ಅರ್ಥವಾದಂತೆಯೇ.

ಇಲ್ಲಿ ಹೇಳಿರುವುದೆಲ್ಲ 3 ವೋಲ್ಟಿನ ಒಳಗಿನ ಕೆಲಸ. ಮನೆಯ ಪ್ಲಗ್ ಪಾಯಿಂಟಿನ 230 ವೋಲ್ಟಿಗೆ ಇದರಲ್ಲಿ ಯಾವುದನ್ನೂ ಜೋಡಿಸಬೇಡಿ. ಮೊಬೈಲಿನಿಂದ ಬಿಚ್ಚಿದ ಲಿಥಿಯಂ ಬ್ಯಾಟರಿಯೂ ಬೇಡ, ಬೈಕಿನ ಬ್ಯಾಟರಿಯೂ ಬೇಡ. ಬೈಕ್ ಬ್ಯಾಟರಿಯ 12 ವೋಲ್ಟ್ ಶಾಕ್ ಹೊಡೆಯದಿದ್ದರೂ, ಅದರ ಎರಡು ತುದಿಗಳನ್ನು ತಂತಿಯೊಂದು ನೇರವಾಗಿ ಕೂಡಿಸಿದರೆ ಹರಿಯುವ ಪ್ರವಾಹ ಆ ತಂತಿಯನ್ನು ಕೆಂಪಗೆ ಕಾಯಿಸಿ ಕೈ ಸುಡುತ್ತದೆ. ಸಾಮಾನ್ಯ ಟಾರ್ಚ್ ಸೆಲ್ಲಿನ ಒಳಗೇ ಸ್ವಲ್ಪ ರೋಧ ಇರುವುದರಿಂದ ಅದು ಅಷ್ಟು ಪ್ರವಾಹ ಕೊಡಲಾರದು. ಕಲಿಯುವವರಿಗೆ ಅದೇ ಕ್ಷೇಮ.

ಸಾಮಾನು

- 1.5 ವೋಲ್ಟಿನ ದಪ್ಪ ಟಾರ್ಚ್ ಸೆಲ್ 2, ಅವು ಕೂರುವ ಹೋಲ್ಡರ್ 1. ಗೋಡೆ ಗಡಿಯಾರದ ಸಣ್ಣ ಸೆಲ್ ಈ ಕೆಲಸಕ್ಕೆ ಬೇಗ ಸೋಲುತ್ತದೆ.
- 0ಯಿಂದ 500 ಮಿಲಿಆಂಪಿಯರ್ ಅಳೆಯುವ ಅಮ್ಮೀಟರ್
- 0ಯಿಂದ 3 ವೋಲ್ಟ್ ಅಳೆಯುವ ವೋಲ್ಟ್‌ಮೀಟರ್
- 20 ಓಮ್ ಆಸುಪಾಸಿನ ರಿಯೋಸ್ಟಾಟ್ (ಜಾರುಗೂಟ ಸರಿಸಿ ರೋಧ ಹೆಚ್ಚು ಕಡಿಮೆ ಮಾಡುವ ಸಾಧನ)
- ಪ್ಲಗ್ ಕೀಲಿ
- ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿ, ಸುಮಾರು 30 ಸೆಂ.ಮೀ. ಉದ್ದದ 8 ತುಂಡು
- ತಿರುಪು ಇರುವ ಸ್ಟ್ರಿಪ್ ಕನೆಕ್ಟರ್ 1, ಮರಳು ಕಾಗದ ಒಂದು ತುಂಡು
- 1000 ವ್ಯಾಟಿನ ಹೀಟರ್ ಕಾಯಿಲ್ 1

ಕೊನೆಯದರ ಬಗ್ಗೆ ಸ್ವಲ್ಪ ವಿವರ ಬೇಕು. ಪಠ್ಯಪುಸ್ತಕ ನಿಕ್ರೋಮ್ ತಂತಿ ಎನ್ನುತ್ತದೆ, ಊರಿನ ಅಂಗಡಿಯಲ್ಲಿ ಅದು ಮೀಟರ್ ಲೆಕ್ಕದಲ್ಲಿ ಸಿಗುವುದು ಅಪರೂಪ. ಆದರೆ ಎಲೆಕ್ಟ್ರಿಕ್ ಒಲೆಗೆ ಹಾಕುವ ಸ್ಪ್ರಿಂಗಿನಂಥ ಕಾಯಿಲ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಅದು ನಿಕ್ರೋಮ್ ಅಥವಾ ಅದೇ ಜಾತಿಯ ಮಿಶ್ರಲೋಹ. ಅದರ ರೋಧವನ್ನು ಅಂಗಡಿಯಲ್ಲೇ ನಿಂತು ಲೆಕ್ಕ ಹಾಕಬಹುದು: ವೋಲ್ಟೇಜಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿ. 230 × 230 ÷ 1000, ಅಂದರೆ ಸುಮಾರು 53 ಓಮ್. ಸುರುಳಿಗಳನ್ನು ಎಣಿಸಿ ಐದು ಪಾಲು ಮಾಡಿದರೆ ಒಂದು ಪಾಲಿಗೆ ಸುಮಾರು 10 ಓಮ್. ನಮಗೆ ಒಂದು ಪಾಲಿನ ತುಂಡು ಒಂದು, ಎರಡು ಪಾಲಿನ ತುಂಡು ಒಂದು ಸಾಕು. ಅಂದರೆ 10 ಓಮ್ ಮತ್ತು 20 ಓಮ್. ಉಳಿದ ಎರಡು ಪಾಲು ಮುಂದಿನ ವರ್ಷದವರಿಗೆ.

ಕತ್ತರಿಸುವಾಗ ಪ್ರತಿ ತುದಿಯಲ್ಲೂ 2 ಸೆಂ.ಮೀ.ನಷ್ಟು ಹೆಚ್ಚಿಗೆ ಬಿಡಿ, ತಿರುಪಿನೊಳಗೆ ಹೋಗುವ ಭಾಗ ಲೆಕ್ಕಕ್ಕೆ ಸೇರುವುದಿಲ್ಲ. ಅಂಗಡಿಯ ಕಾಯಿಲಿನ ಸುರುಳಿಗಳು ಒತ್ತೊತ್ತಾಗಿರುತ್ತವೆ. ಎರಡೂ ತುದಿ ಹಿಡಿದು, ಒಂದು ಸುರುಳಿ ಇನ್ನೊಂದಕ್ಕೆ ತಾಗದಷ್ಟು ಎಳೆಯಿರಿ. ತಾಗಿಕೊಂಡಿದ್ದರೆ ಪ್ರವಾಹ ತಂತಿಯುದ್ದಕ್ಕೂ ಸುತ್ತದೆ ಸುರುಳಿಯಿಂದ ಸುರುಳಿಗೆ ಅಡ್ಡದಾರಿ ಹಿಡಿಯುತ್ತದೆ, ರೋಧ 10ರ ಬದಲು 7 ಬರುತ್ತದೆ, ಇನ್ನೊಮ್ಮೆ ಅಳೆದರೆ 8 ಬರುತ್ತದೆ. ಬೆಸುಗೆ ಹಾಕಲು ಹೋಗಬೇಡಿ, ರೇಡಿಯೋ ಅಂಗಡಿಯ ಮಾಮೂಲಿ ಸೀಸದ ಬೆಸುಗೆ ಈ ಲೋಹಕ್ಕೆ ಅಂಟುವುದಿಲ್ಲ. ತುದಿಯನ್ನು ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ ಕನೆಕ್ಟರಿನ ತಿರುಪಿಗೆ ಬಿಗಿಯಿರಿ.

ಕಾಯಿಲಿನ ಬದಲು ಬಣ್ಣದ ಪಟ್ಟಿಯ 10 ಓಮ್ ಕಾರ್ಬನ್ ರೋಧಕ ಬಳಸಬಹುದಲ್ಲ ಎಂದು ತೋರಬಹುದು. ಅದರ ಮಾಮೂಲಿ ಗಾತ್ರ ಕಾಲು ವ್ಯಾಟಿನದು. 3 ವೋಲ್ಟಿಗೆ ಅದರಲ್ಲಿ ಉಂಟಾಗುವ ಶಾಖ 3 × 3 ÷ 10, ಅಂದರೆ 0.9 ವ್ಯಾಟ್. ತಾಳಬಲ್ಲದ್ದಕ್ಕಿಂತ ಮೂರೂವರೆ ಪಟ್ಟು ಹೆಚ್ಚು. ಬಣ್ಣ ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆ. ಸಾಮಾನು ಯಾವುದೇ ಇರಲಿ, ಜೋಡಿಸುವ ಮುಂಚೆ ಈ ಒಂದು ಗುಣಾಕಾರ ಮಾಡುವ ಅಭ್ಯಾಸ ಇಟ್ಟುಕೊಳ್ಳಿ.

ಜೋಡಿಸುವ ಕ್ರಮ

ಮೊದಲು ಕಾಗದದ ಮೇಲೆ ಚಿತ್ರ ಬರೆಯಿರಿ. ಆಮೇಲೆ ಚಿತ್ರದಲ್ಲಿ ಬೆರಳಿಟ್ಟು ಸೆಲ್ಲಿನ ಧನಾಗ್ರದಿಂದ ಹೊರಟು, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಅದೇ ಕ್ರಮದಲ್ಲಿ ಮೇಜಿನ ಮೇಲೆ ಜೋಡಿಸುತ್ತ ಋಣಾಗ್ರಕ್ಕೆ ಬನ್ನಿ.

1. ಕೀಲಿಯನ್ನು ಹೊರಗೆ ತೆಗೆದಿಡಿ. ಎಲ್ಲ ಮುಗಿಯುವವರೆಗೆ ಅದು ಹೊರಗೇ ಇರಲಿ.
2. ಸೆಲ್ಲಿನ ಧನಾಗ್ರದಿಂದ ಕೀಲಿಯ ಒಂದು ತುದಿಗೆ ತಂತಿ.
3. ಕೀಲಿಯ ಇನ್ನೊಂದು ತುದಿಯಿಂದ ಅಮ್ಮೀಟರಿನ ಧನ ತುದಿಗೆ.
4. ಅಮ್ಮೀಟರಿನ ಋಣ ತುದಿಯಿಂದ 10 ಓಮ್ ಕಾಯಿಲಿಗೆ.
5. ಕಾಯಿಲಿನಿಂದ ರಿಯೋಸ್ಟಾಟಿನ ಕೆಳಗಿನ ಎರಡು ತುದಿಗಳಲ್ಲಿ ಒಂದಕ್ಕೆ.
6. ರಿಯೋಸ್ಟಾಟಿನ ಮೇಲಿನ ಸರಳಿನ ತುದಿಯಿಂದ ಸೆಲ್ಲಿನ ಋಣಾಗ್ರಕ್ಕೆ.
7. ಇಲ್ಲಿಗೆ ಒಂದು ಬಳಸು ಪೂರ್ತಿಯಾಯಿತು. ವೋಲ್ಟ್‌ಮೀಟರನ್ನು ಕೊನೆಗೆ, ಕಾಯಿಲಿನ ಎರಡು ತುದಿಗಳ ಮೇಲೆ ಹೊರಗಿನಿಂದ ಸೇರಿಸಿ. ಅದರ ಧನ ತುದಿ ಅಮ್ಮೀಟರಿನ ಕಡೆಗಿರಲಿ.
8. ರಿಯೋಸ್ಟಾಟಿನ ಜಾರುಗೂಟವನ್ನು 5ನೇ ಹೆಜ್ಜೆಯಲ್ಲಿ ತಂತಿ ಹಾಕಿದ ತುದಿಯಿಂದ ದೂರ ಸರಿಸಿ. ಆಗ ರೋಧ ಗರಿಷ್ಠ, ಪ್ರವಾಹ ಕನಿಷ್ಠ.

ಕೀಲಿಯನ್ನು ಅರೆ ಕ್ಷಣ ಮುಟ್ಟಿಸಿ ತೆಗೆಯಿರಿ. ಮುಳ್ಳು ಬಲಕ್ಕೆ ಅಲುಗಿದರೆ ಸರಿ. ಎಡಕ್ಕೆ ಒತ್ತಿದರೆ ಆ ಮೀಟರಿನ ತಂತಿಗಳನ್ನು ಅದಲು ಬದಲು ಮಾಡಿ. ಬಲತುದಿಗೆ ಹೊಡೆದು ನಿಂತರೆ ಅಮ್ಮೀಟರ್ ಸರಣಿಯಲ್ಲಿಲ್ಲ, ಅಂದರೆ ಒಂದರ ಹಿಂದೊಂದು ಬರುವ ಅದೇ ದಾರಿಯಲ್ಲಿಲ್ಲ, ಎಂದೇ ತಿಳಿಯಿರಿ.

ಅಮ್ಮೀಟರಿನ ರೋಧ ತೀರ ಕಡಿಮೆ. ಅದನ್ನು ಕಾಯಿಲಿಗೆ ಸಮಾಂತರವಾಗಿ, ಅಂದರೆ ಪಕ್ಕದ ಇನ್ನೊಂದು ದಾರಿಯಾಗಿ, ಹಾಕಿದರೆ ಪ್ರವಾಹವೆಲ್ಲ ಅದರ ಮೂಲಕವೇ ನುಗ್ಗುತ್ತದೆ, ರಿಯೋಸ್ಟಾಟಿನ ರೋಧ ಕಡಿಮೆಯಿದ್ದರೆ ಒಳಗಿನ ಎಳೆಯಂಥ ತಂತಿ ಸುಡಬಹುದು. ವೋಲ್ಟ್‌ಮೀಟರಿನ ರೋಧ ಹೆಚ್ಚು, ಅದನ್ನು ತಪ್ಪಿ ಸರಣಿಯಲ್ಲಿ ಹಾಕಿದರೆ ಏನೂ ಹಾಳಾಗುವುದಿಲ್ಲ. ಆದರೆ ಅಮ್ಮೀಟರ್ ಸೊನ್ನೆಯ ಹತ್ತಿರ, ವೋಲ್ಟ್‌ಮೀಟರ್ ಹೆಚ್ಚುಕಡಿಮೆ ಪೂರ್ತಿ 3 ವೋಲ್ಟ್, ರಿಯೋಸ್ಟಾಟ್ ಎಷ್ಟು ಸರಿಸಿದರೂ ಎರಡೂ ಅಲುಗುವುದಿಲ್ಲ. ಈ ಮೂರೂ ಒಟ್ಟಿಗೆ ಕಂಡರೆ ತಪ್ಪು ಅದೇ. ಮೀಟರುಗಳು ಸರಿಯಾಗಿದ್ದು, ರಿಯೋಸ್ಟಾಟ್ ಸರಿಸಿದಾಗ ಮಾತ್ರ ಅಂಕಿ ಬದಲಾಗದಿದ್ದರೆ ಅದರ ಕೆಳಗಿನ ಎರಡೂ ತುದಿಗಳಿಗೆ ತಂತಿ ಹಾಕಿರುತ್ತೀರಿ. ಆಗ ಜಾರುಗೂಟಕ್ಕೆ ಮಂಡಲದಲ್ಲಿ ಕೆಲಸವೇ ಇಲ್ಲ.

ಅಳತೆ

ಮೊದಲು ಮೀಟರಿನ ಒಂದು ಮನೆ ಎಷ್ಟು ಎಂದು ಕಂಡುಕೊಳ್ಳಿ. 0ಯಿಂದ 500 ಮಿಲಿಆಂಪಿಯರಿಗೆ 50 ಮನೆಗಳಿದ್ದರೆ ಒಂದು ಮನೆಗೆ 10 ಮಿಲಿಆಂಪಿಯರ್, ಅಂದರೆ 0.01 ಆಂಪಿಯರ್. 3 ವೋಲ್ಟಿಗೆ 60 ಮನೆಗಳಿದ್ದರೆ ಒಂದಕ್ಕೆ 0.05 ವೋಲ್ಟ್. ಕೀಲಿ ಹಾಕದಿರುವಾಗ ಮುಳ್ಳು ಸೊನ್ನೆಯ ಮೇಲಿದೆಯೇ ನೋಡಿ. ಒಂದು ಮನೆ ಮುಂದಿದ್ದರೆ ಪ್ರತಿ ಅಳತೆಯಿಂದಲೂ ಅಷ್ಟು ಕಳೆಯಬೇಕು. ಮುಳ್ಳಿನ ನೇರ ಮುಂದೆ ಕಣ್ಣಿಟ್ಟು ಓದಿ. ಮೀಟರಿನಲ್ಲಿ ಕನ್ನಡಿ ಪಟ್ಟಿ ಇದ್ದರೆ ಮುಳ್ಳು ತನ್ನ ಬಿಂಬವನ್ನು ಮುಚ್ಚುವ ಕೋನವೇ ಸರಿಯಾದ ಕೋನ.

ಕೀಲಿ ಹಾಕಿ, ಎರಡು ಮೀಟರುಗಳನ್ನೂ ಓದಿ, ತಕ್ಷಣ ಕೀಲಿ ತೆಗೆಯಿರಿ. ಬರೆದುಕೊಳ್ಳುವುದು ಆಮೇಲೆ. ರಿಯೋಸ್ಟಾಟನ್ನು ಸ್ವಲ್ಪ ಸರಿಸಿ, ಅರ್ಧ ನಿಮಿಷ ಬಿಟ್ಟು, ಮತ್ತೆ ಅದೇ ಕ್ರಮ. ಹೀಗೆ ಐದು ಸಲ. ಹೊಸ ಸೆಲ್, 10 ಓಮ್ ಕಾಯಿಲ್ ಇದ್ದರೆ ಅಂಕಿಗಳು ಈ ಬಗೆಯಲ್ಲಿ ಬರುತ್ತವೆ:

0.10 ಆಂಪಿಯರ್, 1.00 ವೋಲ್ಟ್: ಭಾಗಲಬ್ಧ 10.0
0.14 ಆಂಪಿಯರ್, 1.40 ವೋಲ್ಟ್: 10.0
0.18 ಆಂಪಿಯರ್, 1.85 ವೋಲ್ಟ್: 10.3
0.22 ಆಂಪಿಯರ್, 2.20 ವೋಲ್ಟ್: 10.0
0.26 ಆಂಪಿಯರ್, 2.65 ವೋಲ್ಟ್: 10.2

ಸರಾಸರಿ 10.1 ಓಮ್. ಮೂರನೆಯ ಸಾಲಿನ 10.3ನ್ನು 10.0 ಎಂದು ತಿದ್ದುವ ಆಸೆ ಬರುತ್ತದೆ, ತಿದ್ದಬೇಡಿ. ಅರ್ಧ ಮನೆಯಷ್ಟು ಓದುವ ವ್ಯತ್ಯಾಸ ಯಾರ ಕಣ್ಣಿಗೂ ಸಹಜ. ಅಮ್ಮೀಟರಿನಲ್ಲಿ ಅದು 0.005 ಆಂಪಿಯರ್. ಓದಿದ್ದು 0.10 ಆಗಿದ್ದರೆ ಅದು ನೂರಕ್ಕೆ 5, 0.26 ಆಗಿದ್ದರೆ ನೂರಕ್ಕೆ 2. ಹಾಗಾಗಿ 10.0ಕ್ಕೂ 10.3ಕ್ಕೂ ಇರುವ ಅಂತರ ಈ ಮೀಟರಿಗೆ ಕಾಣುವಂಥದ್ದೇ ಅಲ್ಲ. ಕ್ಯಾಲ್ಕುಲೇಟರ್ ತೋರಿಸಿತೆಂದು 10.094 ಎಂದು ಬರೆಯುವುದೂ ಇದೇ ಕಾರಣಕ್ಕೆ ತಪ್ಪು.

ಗ್ರಾಫಿನಲ್ಲಿ ಅಡ್ಡಕ್ಕೆ ಪ್ರವಾಹ, ಲಂಬಕ್ಕೆ ವಿಭವಾಂತರ (ವೋಲ್ಟೇಜ್) ಇಟ್ಟರೆ ರೇಖೆಯ ಓರೆಯೇ ರೋಧ. ಬಿಂದುಗಳನ್ನು ಒಂದೊಂದಾಗಿ ಸೇರಿಸಿ ಅಂಕುಡೊಂಕು ಗೆರೆ ಎಳೆಯಬೇಡಿ. ಬಿಂದುಗಳು ಎರಡೂ ಬದಿಗೆ ಸಮನಾಗಿ ಹಂಚಿಹೋಗುವಂತೆ ಒಂದೇ ಸರಳರೇಖೆ ಎಳೆಯಿರಿ. ಓರೆಗೆ ಬೇಕಾದ ಎರಡು ಬಿಂದುಗಳನ್ನು ಆ ರೇಖೆಯಿಂದಲೇ, ಆದಷ್ಟು ದೂರ ದೂರ ಆರಿಸಿಕೊಳ್ಳಿ. ರೇಖೆ ಮೂಲಬಿಂದುವಿನ ಮೂಲಕ ಹಾಯದೆ ಮೇಲೋ ಕೆಳಗೋ ಹೋದರೆ ಯಾವುದೋ ಮೀಟರಿನ ಸೊನ್ನೆ ಸರಿದಿದೆ.

ಸೆಲ್ಲಿನ ದಣಿವು

ಕೀಲಿ ತಕ್ಷಣ ತೆಗೆಯಿರಿ ಎಂದದ್ದಕ್ಕೆ ಎರಡು ಕಾರಣ. ಪ್ರವಾಹ ಹರಿಯುತ್ತಿದ್ದರೆ ತಂತಿ ಬಿಸಿಯಾಗುತ್ತದೆ, ಓಮ್‌ನ ನಿಯಮ ಕೇಳುವುದು ತಾಪ ಬದಲಾಗದ ವಾಹಕವನ್ನು. ನಿಕ್ರೋಮಿನಲ್ಲಿ ಈ ವ್ಯತ್ಯಾಸ ಬಹಳ ಸಣ್ಣದು, ಅದಕ್ಕೇ ಪ್ರಯೋಗಕ್ಕೆ ಆ ಲೋಹ. ಎರಡನೆಯ ಕಾರಣ ಸೆಲ್. ಒಂದೇ ಸಮನೆ ಪ್ರವಾಹ ಎಳೆದರೆ ಅದರ ವೋಲ್ಟೇಜ್ ಇಳಿಯುತ್ತ ಹೋಗುತ್ತದೆ, ಬಿಡುವು ಕೊಟ್ಟರೆ ಸ್ವಲ್ಪ ಮೇಲೇಳುತ್ತದೆ. ಎರಡು ಮೀಟರುಗಳನ್ನು ಒಂದೇ ಗಳಿಗೆಯಲ್ಲಿ ಓದದಿದ್ದರೆ ಪ್ರವಾಹ ಒಂದು ಸ್ಥಿತಿಯದು, ವಿಭವಾಂತರ ಇನ್ನೊಂದು ಸ್ಥಿತಿಯದು ಆಗುತ್ತದೆ.

ಈ ತೊಂದರೆ ಓಮ್ ಅವರಿಗೇ ಎದುರಾಗಿತ್ತು. ಜಾರ್ಜ್ ಸೈಮನ್ ಓಮ್ ಆಗ ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಶಿಕ್ಷಕರು. ಮೊದಮೊದಲು ವೋಲ್ಟಾ ಮಾದರಿಯ ಕೋಶಗಳಿಂದ ಅಳೆಯಲು ಹೋಗಿ, ಪ್ರವಾಹ ಒಂದೇ ಸಮ ನಿಲ್ಲದೆ ಕಷ್ಟಪಟ್ಟರು. ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಕೋಶವನ್ನು ಬಿಟ್ಟು ಬಿಸ್ಮತ್ ಮತ್ತು ತಾಮ್ರದ ಉಷ್ಣಯುಗ್ಮಕ್ಕೆ (ಎರಡು ಲೋಹಗಳ ಸಂಧಿಗಳ ತಾಪದ ಅಂತರದಿಂದ ವೋಲ್ಟೇಜ್ ಕೊಡುವ ಜೋಡಿಗೆ) ಬಂದರು: ಒಂದು ಸಂಧಿ ಕುದಿಯುವ ನೀರಿನಲ್ಲಿ, ಇನ್ನೊಂದು ಕರಗುವ ಮಂಜುಗಡ್ಡೆಯಲ್ಲಿ. ಎರಡು ತಾಪಗಳೂ ಸ್ಥಿರ, ಆದ್ದರಿಂದ ವೋಲ್ಟೇಜೂ ಸ್ಥಿರ. 1826ರ ಆ ಅಳತೆಗಳಿಂದಲೇ ನಿಯಮ ಸ್ಪಷ್ಟವಾಯಿತು, 1827ರಲ್ಲಿ ಅವರ ಪುಸ್ತಕ ಬಂತು. ನಮ್ಮ ಬಳಿ ಉಷ್ಣಯುಗ್ಮವಿಲ್ಲ, ಬದಲಿಗೆ ಕೀಲಿಯನ್ನು ಚುರುಕಾಗಿ ತೆಗೆಯುವ ಕೈಯಿದೆ.

ಸೆಲ್ಲಿನ ಒಳರೋಧವನ್ನು ನೀವೇ ಅಳೆಯಬಹುದು. ಕೀಲಿ ಹಾಕದೆ ಎರಡು ಸೆಲ್ಲುಗಳ ತುದಿಗಳಲ್ಲಿ ವೋಲ್ಟ್‌ಮೀಟರ್ ಇಡಿ: 3.0 ವೋಲ್ಟ್ ಎನ್ನೋಣ. ಕೀಲಿ ಹಾಕಿ ಅಲ್ಲೇ ಓದಿ: 2.75 ವೋಲ್ಟ್, ಅಮ್ಮೀಟರಿನಲ್ಲಿ 0.25 ಆಂಪಿಯರ್. ಕಾಣೆಯಾದ 0.25 ವೋಲ್ಟ್ ಸೆಲ್ಲಿನ ಒಳಗೇ ಖರ್ಚಾಗಿದೆ. 0.25 ÷ 0.25, ಎರಡು ಸೆಲ್ಲಿಗೂ ಸೇರಿ 1 ಓಮ್. ಹಳೆಯ ಸೆಲ್ಲಿನಲ್ಲಿ ಇದು ಹಲವು ಪಟ್ಟು ಬೆಳೆದಿರುತ್ತದೆ. ಬರಿದೇ ಅಳೆದಾಗ 1.4 ವೋಲ್ಟ್ ತೋರಿಸುವ ಸೆಲ್ ಟಾರ್ಚಿನಲ್ಲಿ ಮಿಣುಕುವುದು ಇದರಿಂದಲೇ. ಸೆಲ್ಲಿನ ಜೀವ ನೋಡುವುದಿದ್ದರೆ ಭಾರ ಹೊರಿಸಿಯೇ ನೋಡಬೇಕು.

ಸರಣಿ, ಸಮಾಂತರ

ಈಗ ಎರಡೂ ಕಾಯಿಲ್ ತೆಗೆದುಕೊಳ್ಳಿ, ರಿಯೋಸ್ಟಾಟ್ ಬಿಚ್ಚಿಡಿ. ಬಿಚ್ಚುವ ಮುಂಚೆ ಲೆಕ್ಕ: ಸಮಾಂತರದಲ್ಲಿ 10 ಮತ್ತು 20 ಓಮ್ ಸೇರಿ 200 ÷ 30, ಅಂದರೆ 6.67 ಓಮ್. ಸೆಲ್ಲಿನ 1 ಓಮ್ ಕೂಡಿಸಿದರೆ 7.67. 3 ÷ 7.67 ಸುಮಾರು 0.39 ಆಂಪಿಯರ್. ಅಮ್ಮೀಟರಿನ ಮಿತಿ 0.5, ಅಡ್ಡಿಯಿಲ್ಲ. 20ರ ಬದಲು 5 ಓಮಿನ ತುಂಡು ಇಟ್ಟಿದ್ದರೆ 0.69 ಆಂಪಿಯರ್ ಹರಿದು ಮುಳ್ಳು ಅಂಚಿಗೆ ಬಡಿಯುತ್ತಿತ್ತು.

ಸರಣಿಯಲ್ಲಿ ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿ. ಅಮ್ಮೀಟರನ್ನು ಕಾಯಿಲುಗಳ ಮುಂದೆ, ನಡುವೆ, ಹಿಂದೆ ಮೂರೂ ಕಡೆ ಹಾಕಿ ಓದಿ. ಮೂರೂ ಕಡೆ ಸುಮಾರು 0.10 ಆಂಪಿಯರೇ. ಪ್ರವಾಹ ರೋಧಕದಲ್ಲಿ ‘ಖರ್ಚಾಗುತ್ತದೆ’ ಎಂಬ ತಪ್ಪು ತಿಳಿವಳಿಕೆ ಎಷ್ಟು ವಿವರಿಸಿದರೂ ಹೋಗದು, ಈ ಮೂರು ಓದುಗಳನ್ನು ಕಣ್ಣಾರೆ ಕಂಡರೆ ಹೋಗುತ್ತದೆ. ಹಂಚಿಹೋಗುವುದು ವಿಭವಾಂತರ: 10 ಓಮಿನ ಮೇಲೆ ಸುಮಾರು 0.95, 20ರ ಮೇಲೆ ಸುಮಾರು 1.95. ಕೂಡಿಸಿದರೆ 2.9, ಸೆಲ್ಲಿನ ತುದಿಗಳಲ್ಲಿ ಅಳೆದರೂ ಅದೇ.

ಸಮಾಂತರದಲ್ಲಿ ಎರಡರ ತಲೆಗಳು ಒಂದು ತಿರುಪಿಗೆ, ಬಾಲಗಳು ಇನ್ನೊಂದು ತಿರುಪಿಗೆ. ವಿಭವಾಂತರ ಎರಡಕ್ಕೂ ಒಂದೇ, 2.6 ವೋಲ್ಟ್. ಅಮ್ಮೀಟರನ್ನು ಒಂದೊಂದು ಕವಲಿಗೂ ಒಯ್ದು ನೋಡಿ: 10 ಓಮಿನಲ್ಲಿ 0.26, 20ರಲ್ಲಿ 0.13, ಒಟ್ಟು ದಾರಿಯಲ್ಲಿ 0.39 ಆಂಪಿಯರ್. ಸರಣಿಯಲ್ಲಿ 2.9 ಇದ್ದ ಸೆಲ್ ಇಲ್ಲಿ 2.6ಕ್ಕೆ ಇಳಿದದ್ದನ್ನು ಗಮನಿಸಿ. ಪ್ರವಾಹ ಹೆಚ್ಚಾದಷ್ಟೂ ಒಳಗಿನ 1 ಓಮ್ ಹೆಚ್ಚು ನುಂಗುತ್ತದೆ.

ಪರೀಕ್ಷೆಯಲ್ಲಿ ಆಗಾಗ ಬರುವ ಲೆಕ್ಕವೊಂದು ಇಲ್ಲೇ ಬಿಡಿಸಿಕೊಳ್ಳುತ್ತದೆ. 220 ವೋಲ್ಟಿನ 100 ವ್ಯಾಟ್ ಮತ್ತು 60 ವ್ಯಾಟ್ ಬಲ್ಬುಗಳ ರೋಧ 484 ಮತ್ತು ಸುಮಾರು 807 ಓಮ್. ಸರಣಿಯಲ್ಲಿ ಪ್ರವಾಹ ಒಂದೇ ಆದ್ದರಿಂದ ಹೆಚ್ಚು ರೋಧದ 60 ವ್ಯಾಟಿನದೇ ಪ್ರಖರ. ಸಮಾಂತರದಲ್ಲಿ 100 ವ್ಯಾಟಿನದು. ಕಾಗದದ ಮೇಲೆ ಮಾತ್ರ ಮಾಡಿ.

ಮಂಡಲ ಸತ್ತಂತಿದ್ದರೆ

ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟುವುದು ಹೆಚ್ಚಿನವರ ಮೊದಲ ಯೋಚನೆ. ಬೇಡ. ಕೀಲಿ ಹಾಕಿಯೇ ಇರಿ. ವೋಲ್ಟ್‌ಮೀಟರಿನ ಋಣ ತುದಿಯನ್ನು ಸೆಲ್ಲಿನ ಋಣಾಗ್ರಕ್ಕೆ ಕಟ್ಟಿ, ಧನ ತುದಿಯ ತಂತಿಯನ್ನು ಕೈಯಲ್ಲಿ ಹಿಡಿದು ಧನಾಗ್ರದಿಂದ ಹೊರಟು ಒಂದೊಂದು ತಿರುಪನ್ನೂ ಮುಟ್ಟುತ್ತ ಬನ್ನಿ. ಮಂಡಲ ಎಲ್ಲೋ ಕಡಿದಿದ್ದರೆ ಪ್ರವಾಹವಿಲ್ಲ, ಪ್ರವಾಹವಿಲ್ಲದ ಮೇಲೆ ಯಾವ ರೋಧದಲ್ಲೂ ವೋಲ್ಟೇಜ್ ಇಳಿಯುವುದಿಲ್ಲ. ಹಾಗಾಗಿ ಕಡಿದ ಜಾಗದವರೆಗೂ 3 ವೋಲ್ಟ್, ದಾಟಿದ ಕೂಡಲೇ ಸೊನ್ನೆ. ದೋಷ ಆ ಎರಡು ಮುಟ್ಟುಗಳ ನಡುವೆಯೇ ಇದೆ.

ಮಂಡಲ ಕೆಲಸ ಮಾಡುತ್ತಿದ್ದೂ ಪ್ರವಾಹ ಕಡಿಮೆ ಎನಿಸಿದರೆ ವೋಲ್ಟ್‌ಮೀಟರನ್ನು ಪ್ಲಗ್ ಕೀಲಿಯ ಎರಡು ತುದಿಗಳ ಮೇಲಿಡಿ. ಕೀಲಿ ಹಾಕಿರುವಾಗ ಅಲ್ಲಿ ಸೊನ್ನೆ ಬರಬೇಕು. 0.2 ವೋಲ್ಟ್ ತೋರಿಸಿದರೆ ಕಿಲುಬು. ಕೀಲಿಯ ಹಿತ್ತಾಳೆಯನ್ನು, ಅದು ಕೂರುವ ತೂತಿನ ಒಳಬದಿಯನ್ನು ಉಜ್ಜಿ, ಹಾಕುವಾಗ ಸ್ವಲ್ಪ ತಿರುಚಿ ಒತ್ತಿರಿ. ತಾಮ್ರದ ತಂತಿ ವಾರ್ನಿಷ್ ಲೇಪದ ಮೋಟರ್ ವೈಂಡಿಂಗ್ ತಂತಿಯಾಗಿದ್ದರೆ, ಹೊರಗೆ ತಾಮ್ರದಂತೆಯೇ ಹೊಳೆದರೂ ಅದು ಅವಾಹಕ. ತುದಿ ಕೆರೆಯದೆ ಪ್ರವಾಹ ಹರಿಯದು.

ಮೀಟರ್ ತಾನೇ ಅಳತೆ ಕೆಡಿಸುವ ಸಂದರ್ಭವೂ ಒಂದಿದೆ. 1000 ಓಮಿನ ಎರಡು ರೋಧಕಗಳನ್ನು 3 ವೋಲ್ಟಿಗೆ ಸರಣಿಯಲ್ಲಿ ಹಾಕಿದರೆ ಒಂದೊಂದರ ಮೇಲೆ 1.5 ಇರಬೇಕು. ನಿಮ್ಮ ವೋಲ್ಟ್‌ಮೀಟರಿನ ರೋಧವೂ 1000 ಓಮ್ ಆಗಿದ್ದರೆ, ಅದು ಸೇರಿದ ರೋಧಕ 500 ಆಗಿಬಿಡುತ್ತದೆ, ಮುಳ್ಳು 1.0 ತೋರಿಸುತ್ತದೆ. ನಮ್ಮ 10 ಓಮ್ ಕಾಯಿಲಿಗೆ ಈ ಚಿಂತೆಯಿಲ್ಲ.

ರೋಧಶೀಲತೆಯ (ಲೋಹದ ಸ್ವಂತ ರೋಧಗುಣದ) ಕೋಷ್ಟಕ ನೋಡಿ ಲೆಕ್ಕ ಹಾಕುವವರಿಗೆ ಒಂದು ಎಚ್ಚರಿಕೆ. ನಿಕ್ರೋಮಿನ ರೋಧಶೀಲತೆ ಸುಮಾರು 1.1 × 10⁻⁶ ಓಮ್ ಮೀಟರ್. ಕೆಲವು ಕೋಷ್ಟಕಗಳಲ್ಲಿ 100 × 10⁻⁶ ಎಂದು ಅಚ್ಚಾಗಿರುತ್ತದೆ, ಸುಮಾರು ತೊಂಬತ್ತು ಪಟ್ಟು ಹೆಚ್ಚು. 28 ಗೇಜಿನ ತಂತಿಯ ವ್ಯಾಸ 0.376 ಮಿ.ಮೀ., ಅಡ್ಡಕೊಯ್ತದ ವಿಸ್ತೀರ್ಣ 0.111 ಚದರ ಮಿ.ಮೀ. ಸರಿಯಾದ ಬೆಲೆಯಿಂದ ಒಂದು ಮೀಟರಿಗೆ 10 ಓಮ್ ಬರುತ್ತದೆ, ತಪ್ಪು ಬೆಲೆಯಿಂದ 900. ಅಳೆದು ನೋಡಿ.

ಕೊನೆಗೆ ಟಾರ್ಚ್ ಬಲ್ಬ್

ಕಾಯಿಲ್ ತೆಗೆದು ಅದೇ ಜಾಗಕ್ಕೆ 2.5 ವೋಲ್ಟ್, 0.3 ಆಂಪಿಯರ್ ಎಂದು ಬರೆದಿರುವ ಹಳೆಯ ಬಗೆಯ ಟಾರ್ಚ್ ಬಲ್ಬ್ ಹಾಕಿ, ರಿಯೋಸ್ಟಾಟನ್ನು ಮತ್ತೆ ಮಂಡಲಕ್ಕೆ ಸೇರಿಸಿ. ಎಲ್‌ಇಡಿ ಅಲ್ಲ, ಒಳಗೆ ಎಳೆ ಕಾಣುವಂಥದ್ದು. ಪೂರ್ತಿ ಉರಿಯುವಾಗ ಅದರ ರೋಧ 2.5 ÷ 0.3, ಸುಮಾರು 8 ಓಮ್. ಬಲ್ಬ್ ಇನ್ನೂ ಕೆಂಪಗಾಗದ ಹಂತದಲ್ಲಿ ಓದಿದರೆ ಅದಕ್ಕಿಂತ ಬಹಳ ಕಡಿಮೆ. ಟಂಗ್‌ಸ್ಟನ್ ತಣ್ಣಗಿದ್ದಾಗ ಅದರ ರೋಧ, ಉರಿಯುವಾಗಿನ ರೋಧದ ಹತ್ತರಲ್ಲೊಂದು ಪಾಲಿನ ಆಸುಪಾಸು. ಇಲ್ಲಿ ಮಾತ್ರ ಪ್ರತಿ ಓದಿಗೂ ಕೀಲಿಯನ್ನು ಕೆಲವು ಕ್ಷಣ ಹಾಕಿಯೇ ಇಟ್ಟು, ಎಳೆ ತನ್ನ ತಾಪಕ್ಕೆ ಬಂದು ಮುಳ್ಳು ನಿಂತ ಮೇಲೆ ಓದಿ. ಕಾಯಿಲಿನ ಸರಳರೇಖೆ ಎಳೆದ ಅದೇ ಗ್ರಾಫ್ ಹಾಳೆಯ ಮೇಲೆ ಬಲ್ಬಿನ ಬಿಂದುಗಳನ್ನೂ ಇಡಿ. ಅದು ಮೇಲಕ್ಕೆ ಬಾಗುತ್ತ ಹೋಗುವ ವಕ್ರರೇಖೆ. ಎರಡು ರೇಖೆಗಳ ಪಕ್ಕದಲ್ಲೂ ಲೋಹದ ಹೆಸರು ಬರೆದು ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿ.